ವಿಮಾನದ ಟಿಕೆಟ್ ಓದೋಣ

ವಿಜಯಪುರದ ಸ್ಟೇಷನ್ ರಸ್ತೆ ನಮಗೆಲ್ಲ ಗೊತ್ತು. ಈ ರಸ್ತೆ ಹಿಡಿದು ನಮ್ಮ ಮಕ್ಕಳು ರೈಲು ಹತ್ತುತ್ತಾರೆ, ಬೆಂಗಳೂರಿಗೆ ಹೋಗುತ್ತಾರೆ. ಕೆಲವರು ಅಲ್ಲಿಂದ ವಿಮಾನ ಹತ್ತಿ ಹೊರದೇಶಕ್ಕೂ ಹೋಗುತ್ತಾರೆ. ಅವರು ಮರಳಿ ಬರುವ ದಿನ ನಮಗೆ ಒಂದೇ ಚಿಂತೆ.

"ಎಷ್ಟು ತಾಸಿನ ದಾರಿ ಯವ್ವಾ? ಇಷ್ಟೊತ್ತಾದರೂ ಫೋನ್ ಯಾಕ ಬರಲಿಲ್ಲ?"

ಟಿಕೆಟ್ ಓದಲು ಕಲಿತರೆ ಈ ಚಿಂತೆ ಕಡಿಮೆ ಆಗುತ್ತದೆ. ಒಂದು ನಿಜವಾದ ಪ್ರಯಾಣ ನೋಡೋಣ.

2021ನೇ ಇಸವಿ, ಜನವರಿ 9, ಶನಿವಾರ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಊರಿನಿಂದ ರಾತ್ರಿ ಎಂಟೂವರೆ ಸುಮಾರಿಗೆ ಏರ್ ಇಂಡಿಯಾ ವಿಮಾನ ಹೊರಟಿತು. ಎಲ್ಲಿಯೂ ಇಳಿಯದೆ ನೇರ ಬೆಂಗಳೂರಿಗೆ ಬಂತು. ಅದನ್ನು ನಡೆಸಿದ ನಾಲ್ವರೂ ಹೆಣ್ಣುಮಕ್ಕಳು. ಜೋಯಾ ಅಗರ್ವಾಲ್ ಅವರ ಮುಖ್ಯಸ್ಥೆ. ಪಾಪಗಾರಿ ತನ್ಮಯಿ, ಆಕಾಂಕ್ಷಾ, ಶಿವಾನಿ ಮನ್ಹಾಸ್ ಜೊತೆಯವರು.

ದಾರಿ ಎಷ್ಟು ದೂರ? ಸುಮಾರು 14,000 ಕಿಲೋಮೀಟರ್. ನಾವು ವಿಜಯಪುರದಿಂದ ಬೆಂಗಳೂರಿಗೆ ಬಸ್ಸಿನಲ್ಲಿ 13 ಸಲ ಹೋಗಿ ಬಂದಷ್ಟು ದೂರ!

ಯಾವ ದಾರಿ? ಒಂದು ಲಿಂಬಿಹಣ್ಣು ತಗೊಳ್ಳಿರಿ. ಅದೇ ಭೂಮಿ ಅನ್ನೋಣ. ಮೇಲಿನ ತೊಟ್ಟು ಉತ್ತರ ಧ್ರುವ. ಅಲ್ಲಿ ಬರೀ ಹಿಮ. ತೊಟ್ಟಿನ ಕೆಳಗೆ ಈ ಕಡೆ ಒಂದು ಚುಕ್ಕೆ, ಆ ಕಡೆ ಒಂದು ಚುಕ್ಕೆ ಇಡಿರಿ. ಒಂದು ಬೆಂಗಳೂರು, ಇನ್ನೊಂದು ಸ್ಯಾನ್ ಫ್ರಾನ್ಸಿಸ್ಕೊ. ಹಣ್ಣಿನ ಹೊಟ್ಟೆ ಸುತ್ತಿ ದಾರ ಹಿಡಿದರೆ ಉದ್ದ ಬೇಕು. ತೊಟ್ಟಿನ ಮೇಲೆ ಹಾಯಿಸಿದರೆ ಗಿಡ್ಡ ದಾರ ಸಾಕು. ಆ ವಿಮಾನವೂ ಉತ್ತರ ಧ್ರುವದ ಮೇಲೆ ಹಾಯ್ದು ಬಂತು.

ಬೆಂಗಳೂರಿನಲ್ಲಿ ಇಳಿದಾಗ ಸೋಮವಾರ ನಸುಕಿನ 3 ಗಂಟೆ ಸುಮಾರು. ಬೆರಳು ಮಡಚಿ ಎಣಿಸಿರಿ. ಶನಿವಾರ ರಾತ್ರಿ ಎಂಟೂವರೆಯಿಂದ ಸೋಮವಾರ ನಸುಕಿನ ತನಕ ಮೂವತ್ತೂವರೆ ತಾಸು. ಆದರೆ ವಿಮಾನ ಹಾರಿದ್ದು ಸುಮಾರು 17 ತಾಸು ಮಾತ್ರ. ಉಳಿದ ಹದಿಮೂರೂವರೆ ತಾಸು ಎಲ್ಲಿ ಹೋದವು?

ಎಲ್ಲಿಯೂ ಹೋಗಿಲ್ಲ. ಭೂಮಿ ತಿರುಗುತ್ತದೆ. ಎಲ್ಲ ಊರಿಗೂ ಒಮ್ಮೆಲೇ ಬೆಳಕು ಹರಿಯುವುದಿಲ್ಲ. ಅಲ್ಲಿ ಶನಿವಾರ ರಾತ್ರಿ ಎಂಟೂವರೆ ಆದಾಗ ನಮ್ಮಲ್ಲಿ ರವಿವಾರ ಮುಂಜಾನೆ 10 ಗಂಟೆ. ಈಗ ಎಣಿಸಿರಿ. ರವಿವಾರ ಮುಂಜಾನೆ ಹತ್ತರಿಂದ ಸೋಮವಾರ ನಸುಕಿನ ಮೂರರ ತನಕ 17 ತಾಸು. ಲೆಕ್ಕ ಸರಿ ಆಯಿತು!

ಅಮೆರಿಕದಲ್ಲಿ ಬೇಸಿಗೆ ಬಂದರೆ ಗಡಿಯಾರ ಒಂದು ತಾಸು ಮುಂದೆ ಇಡುತ್ತಾರೆ. ಆಗ ಹನ್ನೆರಡೂವರೆ ತಾಸಿನ ಅಂತರ.

ನೆನಪಿಡಿರಿ: ಟಿಕೆಟ್‌ನಲ್ಲಿ ಹೊರಡುವ ವೇಳೆ ಹೊರಡುವ ಊರಿನದು. ತಲುಪುವ ವೇಳೆ ತಲುಪುವ ಊರಿನದು. ತಾರೀಖನ್ನೂ ತಪ್ಪದೆ ನೋಡಿರಿ. ಮೊದಲು ಎರಡನ್ನೂ ನಮ್ಮ ಗಡಿಯಾರಕ್ಕೆ ತನ್ನಿರಿ. ಆಮೇಲೆ ಎಣಿಸಿರಿ. ವಿಮಾನ ಹಾರುವಾಗ ಫೋನ್ ಹತ್ತದಿದ್ದರೆ ಗಾಬರಿ ಬೇಡ.

ಲೆಕ್ಕ ಮಾಡಿರಿ: ದುಬೈ ಗಡಿಯಾರ ನಮ್ಮದಕ್ಕಿಂತ ಒಂದೂವರೆ ತಾಸು ಹಿಂದೆ. ಮಗ ಅಲ್ಲಿಯ ರಾತ್ರಿ 10 ಗಂಟೆಗೆ ಹೊರಟ. ಬೆಂಗಳೂರಿನಲ್ಲಿ ನಸುಕಿನ ಮೂರೂವರೆಗೆ ಇಳಿದ. ಪ್ರಯಾಣ ಎಷ್ಟು ತಾಸು?

(ಉತ್ತರ: 4 ತಾಸು)