ಲಿಂಬೆ, ಅರಿಶಿನ, ಸದಾಪುಷ್ಪ: ಕ್ಯಾನ್ಸರ್ ಬಗ್ಗೆ ತಪ್ಪು ಕಲ್ಪನೆ ಮತ್ತು ಸತ್ಯ

ಕ್ಯಾನ್ಸರ್ ಗಡ್ಡೆ ಒಂದೆರಡು ಮಿಲಿಮೀಟರ್ ದಾಟಿ ಬೆಳೆಯಬೇಕಾದರೆ ಅದಕ್ಕೆ ರಕ್ತ ಬೇಕು. ಕಾಲುವೆಯಿಂದ ಹೊಲಕ್ಕೆ ಕವಲು ತೆಗೆದಂತೆ, ಅದು ಹತ್ತಿರದ ರಕ್ತನಾಳಗಳಿಂದ ಹೊಸ ನಾಳ ಎಳೆದುಕೊಳ್ಳುತ್ತದೆ. ಆ ಕವಲನ್ನು ತಡೆದರೆ ಗಡ್ಡೆಯನ್ನೂ ತಡೆಯಬಹುದೆಂದು 1971ರಲ್ಲಿ ಅಮೆರಿಕದ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ ಪ್ರತಿಪಾದಿಸಿದರು. ಹೀಗೆ ತಡೆಯುವ ಗುಣ ಕೆಲವು ಸಸ್ಯಾಂಶಗಳಿಗೂ ಇದೆ. ಆದರೆ ಈ ಸುದ್ದಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಮನೆಗಳಿಗೆ ವಾಟ್ಸ್‌ಆ್ಯಪ್‌ ಮೂಲಕ ಬರುವಾಗ ಅಪಾಯಕಾರಿ ಸುಳ್ಳಾಗಿರುತ್ತದೆ.

ತಪ್ಪು ಕಲ್ಪನೆ: ಲಿಂಬೆಹಣ್ಣು ಕೀಮೋಗಿಂತ 10,000 ಪಟ್ಟು ಪ್ರಬಲ.
ಸತ್ಯ: ಇದಕ್ಕೆ ಯಾವ ಆಧಾರವೂ ಇಲ್ಲ. ಭೌಗೋಳಿಕ ಸೂಚಿ ಮಾನ್ಯತೆ ಪಡೆದ ಇಂಡಿ ಲಿಂಬೆ ನಮ್ಮ ಹೆಮ್ಮೆಯ ಬೆಳೆ, ಊಟಕ್ಕೆ ಒಳ್ಳೆಯದು. ಆದರೆ ಬಿಸಿನೀರಿಗೆ ಹಿಂಡಿ ಕುಡಿದರೆ ಗಡ್ಡೆ ಕರಗುವುದಿಲ್ಲ.

ತಪ್ಪು ಕಲ್ಪನೆ: ಅರಿಶಿನ ರಕ್ತನಾಳ ತಡೆಯುವುದು ಸಾಬೀತಾಗಿದೆ, ಹಾಲಿಗೆ ಹಾಕಿ ಕುಡಿದರೆ ಸಾಕು.
ಸತ್ಯ: ಅರಿಶಿನದ ಕರ್ಕ್ಯುಮಿನ್ ಹೊಸ ರಕ್ತನಾಳಗಳನ್ನು ತಗ್ಗಿಸುವುದನ್ನು ಮೈಸೂರು ವಿಶ್ವವಿದ್ಯಾಲಯದ ಬಿ.ಪಿ. ಸಾಲಿಮಠ ಅವರ ತಂಡ 2002ರಲ್ಲಿ ವರದಿ ಮಾಡಿತು. ಆದರೆ ಆ ಪ್ರಯೋಗ ನಡೆದದ್ದು ಇಲಿ, ಕೋಳಿಮೊಟ್ಟೆ ಮತ್ತು ಜೀವಕೋಶಗಳ ಮೇಲೆ. ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದೇ ಶೇ. 3ರ ಆಸುಪಾಸು. ಅದರಲ್ಲೂ ಕರುಳಿನಿಂದ ರಕ್ತಕ್ಕೆ ಸೇರುವುದು ತೀರಾ ಅಲ್ಪ. ದ್ರಾಕ್ಷಿಯ ರೆಸ್ವೆರಾಟ್ರಾಲ್‌ ಎಂಬ ಅಂಶದ ಕಥೆಯೂ ಹೆಚ್ಚುಕಡಿಮೆ ಇದೇ.

ತಪ್ಪು ಕಲ್ಪನೆ: ಗಿಡದಿಂದ ಬಂದದ್ದು ಅಪಾಯ ಮಾಡದು.
ಸತ್ಯ: ಅಂಗಳದ ಸದಾಪುಷ್ಪದಿಂದಲೇ ವಿನ್‌ಬ್ಲಾಸ್ಟಿನ್, ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧಿಗಳು ದೊರೆತವು. ಅವನ್ನು ಶುದ್ಧಗೊಳಿಸಿ, ರೋಗಿಯ ಮೈಯಳತೆಗೆ ತಕ್ಕಂತೆ ಪ್ರಮಾಣ ಕಟ್ಟಿ ರಕ್ತನಾಳಕ್ಕೆ ಕೊಡುತ್ತಾರೆ. ಆಗಲೂ ಬಿಳಿ ರಕ್ತಕಣಗಳು ಕುಸಿಯಬಹುದು, ಕೈಕಾಲು ಜೋಮು ಹಿಡಿಯಬಹುದು. ಎಲೆ ಅರೆದು ಕುಡಿಯುವುದು ವಿಷದ ಜೊತೆ ಆಟ.

ತಪ್ಪು ಕಲ್ಪನೆ: ರಕ್ತನಾಳ ತಡೆದರೆ ಬೇರೆ ಚಿಕಿತ್ಸೆ ಬೇಡ.
ಸತ್ಯ: 2004ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಬೆವಾಸಿಜುಮ್ಯಾಬ್ ಈ ಬಗೆಯ ಔಷಧಿ, ಅದು ಸಸ್ಯದ್ದಲ್ಲ, ಪ್ರಯೋಗಾಲಯದ ಪ್ರತಿಕಾಯ. ಅದನ್ನೂ ಹೆಚ್ಚಾಗಿ ಕೀಮೋ ಜೊತೆಗೇ ಕೊಡುತ್ತಾರೆ. ಹೊಸ ರಕ್ತನಾಳ ಗಾಯ ಮಾಯಲೂ ಬೇಕು. ಹಾಗಾಗಿ ಶಸ್ತ್ರಚಿಕಿತ್ಸೆಗೆ ಕೆಲವು ವಾರ ಮೊದಲೇ ಅದನ್ನು ನಿಲ್ಲಿಸುತ್ತಾರೆ.

ಮಾಯದ ಹುಣ್ಣು, ಎದೆಯಲ್ಲಿ ಗಂಟು, ಅಕಾಲಿಕ ರಕ್ತಸ್ರಾವ ಕಂಡರೆ ಕಷಾಯಕ್ಕಾಗಿ ತಿಂಗಳು ಕಳೆಯಬೇಡಿ. ಕಲಬುರಗಿಯಲ್ಲೇ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಕೇಂದ್ರವಿದೆ. ಯಾವುದಾದರೂ ಬೇರು, ಪುಡಿ, ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡದೆ ವೈದ್ಯರಿಗೆ ಹೇಳಿ. ಲಿಂಬೆ, ಅರಿಶಿನ ಊಟದಲ್ಲಿರಲಿ. ಚಿಕಿತ್ಸೆಯ ಜಾಗಕ್ಕೆ ಅವನ್ನು ತರಬೇಡಿ.