ಮಗ್ಗದ ಮನೆಯಲ್ಲಿ ಕ್ರಿಕೆಟ್ ಜಾಗರಣೆ

ಬಾರ್ಬಡೋಸ್‌ನಲ್ಲಿ ಬೆಳಗಿನ ಹತ್ತೂವರೆ ಆದಾಗ ನಮ್ಮ ಬನಹಟ್ಟಿಯಲ್ಲಿ ರಾತ್ರಿ ಎಂಟು. 2024ರ ಜೂನ್ 29ರ ಶನಿವಾರ ನಮ್ಮ ಮನೆಯಲ್ಲಿ ನಡೆದದ್ದಕ್ಕೆಲ್ಲ ಈ ಒಂಬತ್ತೂವರೆ ತಾಸಿನ ಅಂತರವೇ ಕಾರಣ. ಟಿ20 ವಿಶ್ವಕಪ್ಪಿನ ಫೈನಲ್, ಭಾರತ ಮತ್ತು ದಕ್ಷಿಣ ಆಫ್ರಿಕಾ. ಆಟ ನಡೆಯುವುದು ಅಲ್ಲಿನ ಬಿಸಿಲಿನಲ್ಲಿ, ನೋಡುವುದು ನಾವು ಇಲ್ಲಿ ನಿದ್ದೆಗೆಟ್ಟು.

ಕಾರಹುಣ್ಣಿಮೆ ಮುಗಿದು ವಾರವಾಗಿತ್ತು, ಮಣ್ಣೆತ್ತಿನ ಅಮಾವಾಸ್ಯೆ ಇನ್ನೂ ಬರಬೇಕಿತ್ತು. ಜಮಖಂಡಿ, ಮುಧೋಳ, ಬೀಳಗಿಗೆ ಕೊಟ್ಟ ನನ್ನ ಮೂವರು ಹೆಣ್ಣುಮಕ್ಕಳೂ ಫೋನು ಮಾಡಿ ಒಂದೇ ಮಾತು ಹೇಳಿದರು: “ಅಪ್ಪಾ, ಹುಡುಗೂರು ಎಲ್ಲಾರೂ ಕೂಡಿ ನೋಡೂಣು ಅನ್ನಾಕತ್ತಾವ.” ಕೂಡಿ ನೋಡುವುದಕ್ಕೆ ನಮ್ಮ ಮನೆಯಲ್ಲಿ ಜಾಗ ಇರುವುದು ಒಂದೇ ಕಡೆ, ಮಗ್ಗದ ಮನೆಯಲ್ಲಿ. ನಾಲ್ಕು ಪವರ್‌ಲೂಮ್‌ಗಳ ನಡುವಿನ ಓಣಿಯಂಥ ಜಾಗದಲ್ಲಿ ಚಾಪೆ ಹಾಸಿದರೆ ಇಪ್ಪತ್ತು ಮಂದಿ ಕೂಡಬಹುದು. ಆದರೆ ಮಗ್ಗ ನಡೆಯುವಾಗ ಪಕ್ಕದವರ ಮಾತೇ ಕೇಳುವುದಿಲ್ಲ, ಇನ್ನು ಕಾಮೆಂಟರಿ ಎಲ್ಲಿ ಕೇಳಬೇಕು?

ಎಂಟಕ್ಕೆ ಮಗ್ಗ ನಿಲ್ಲಿಸಬೇಕು ಎನ್ನುವುದು ಹೇಳಿದಷ್ಟು ಸುಲಭವಲ್ಲ. ನಮ್ಮಲ್ಲಿ ನೇಯಲು ಬರುವ ಇಬ್ಬರಿಗೂ ಸೀರೆಯ ಲೆಕ್ಕದಲ್ಲಿ ಕೂಲಿ. ಮಗ್ಗ ನಿಂತ ತಾಸಿಗೆ ದುಡಿಮೆಯಿಲ್ಲ. ಅವರಲ್ಲಿ ಹಿರಿಯ ತಲೆ ಕೆರೆದುಕೊಂಡು ಹೇಳಿದ: “ಕಾಕಾರ, ಮ್ಯಾಚ್ ನಾನೂ ನೋಡಾಂವ ಖರೆ. ಆದ್ರ ಎಂಟಕ್ಕ ಬಂದ್ ಮಾಡಿದ್ರ ನನ್ನ ಸೀರಿ ಅರ್ಧಕ್ಕ ನಿಂದರ್ತೈತಿ.” ಅವನ ಮಾತು ನ್ಯಾಯವಾಗಿತ್ತು. ನಮ್ಮ ಸಂಭ್ರಮಕ್ಕೆ ಅವನ ಮನೆಯ ಎರಡು ತಾಸಿನ ಕೂಲಿ ಏಕೆ ಹೋಗಬೇಕು? ಕೊನೆಗೆ ಶನಿವಾರ ಬೆಳಿಗ್ಗೆ ಎಂಟರ ಬದಲು ಆರಕ್ಕೇ ಮಗ್ಗ ಶುರು ಮಾಡಿದೆವು. ಸಂಜೆ ಏಳೂಮುಕ್ಕಾಲಿಗೆ ಅವನ ಸೀರೆ ಇಳಿಯಿತು. ಮನೆಗೆ ಹೋಗಿ ಕೈಕಾಲು ತೊಳೆದು ಮಗನನ್ನೂ ಕರೆದುಕೊಂಡು ಬಂದ.

ಇನ್ನೊಂದು ತೊಡಕು ಪಕ್ಕದ ಮನೆಯದು. ಅಲ್ಲಿ ಬಾಣಂತಿ, ತಿಂಗಳು ತುಂಬದ ಕೂಸು. ಪ್ರತಿ ಸಿಕ್ಸರ್‌ಗೂ ಇಪ್ಪತ್ತು ಮಂದಿ ಕೂಗಿದರೆ ಆ ಕೂಸಿನ ಗತಿ? ನನ್ನ ಹೆಂಡತಿ ಒಂದು ಉಪಾಯ ಮಾಡಿದಳು. ಮನೆಯಲ್ಲಿದ್ದ ಕೌದಿಗಳನ್ನೆಲ್ಲ ತೆಗೆದು ಆ ಕಡೆಯ ಕಿಟಕಿ, ಬಾಗಿಲುಗಳಿಗೆ ತೂಗುಹಾಕಿದಳು. ಹಳೇ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿ ಚಳಿಯನ್ನಷ್ಟೇ ಅಲ್ಲ, ಸದ್ದನ್ನೂ ಸಾಕಷ್ಟು ತಡೆಯುತ್ತದೆ. ಪಟಾಕಿ ಹಚ್ಚುವಂತಿಲ್ಲ ಎಂದು ಮೊದಲೇ ಹೇಳಿದ್ದೆ. ಮುಧೋಳದ ಅಳಿಯನಿಗಂತೂ ಇದು ಖುಷಿಯ ಮಾತು. ಅವರ ಮನೆಯಲ್ಲಿ ಮುಧೋಳ ನಾಯಿ ಇದೆ. ಬಾಣದಂತೆ ಓಡುವ ಆ ಬೇಟೆನಾಯಿ ಪಟಾಕಿ ಸದ್ದು ಕೇಳಿದರೆ ಮಂಚದ ಕೆಳಗೆ ಸೇರಿಕೊಳ್ಳುತ್ತದಂತೆ!

ಎಲ್ಲಕ್ಕಿಂತ ದೊಡ್ಡ ತಕರಾರು ನಮ್ಮವ್ವನದು. ಅವಳಿಗೆ ಎಂಬತ್ತು ದಾಟಿದೆ. ಏಳು ತಿಂಗಳ ಹಿಂದೆ, 2023ರ ನವೆಂಬರ್ 19ರಂದು, ಅಹಮದಾಬಾದಿನ ಫೈನಲ್‌ನಲ್ಲಿ ಆಸ್ಟ್ರೇಲಿಯಾ ಎದುರು ನಾವು ಸೋತಾಗ ಜಮಖಂಡಿಯ ಮೊಮ್ಮಗ ಊಟ ಬಿಟ್ಟು ಅತ್ತಿದ್ದ. ನಾಲ್ಕನೇ ಇಯತ್ತೆಯ ಹುಡುಗ, ಎರಡು ದಿನ ಸಾಲಿಗೂ ಹೋಗಿರಲಿಲ್ಲ. “ಈ ಸಲಾನೂ ಸೋತ್ರ ಅವನ್ನ ಯಾರ ಸಮಾಧಾನ ಮಾಡವ್ರು? ನಿಮಗ ಆಟ, ಅವಂಗ ಜೀವ” ಎಂದು ಅವ್ವ ಗದರಿದಳು. ನಾನು ಹೇಳಿದೆ, ಗೆದ್ದರೂ ಶೇಂಗಾ ಹೋಳಿಗೆ, ಸೋತರೂ ಶೇಂಗಾ ಹೋಳಿಗೆ. ತಿನ್ನದೆ ಯಾರೂ ಮಲಗುವಂತಿಲ್ಲ. ಅವ್ವ ಪೂರ್ತಿ ಒಪ್ಪಲಿಲ್ಲ. ಆದರೆ ಹೋಳಿಗೆಗೆ ಬೆಲ್ಲ ಕುಟ್ಟಲು ತಾನೇ ಕುಳಿತಳು.

ಸಂಜೆ ಐದಕ್ಕೆಲ್ಲ ಮಕ್ಕಳು ಬಂದಿಳಿದರು. ಮಧ್ಯಾಹ್ನ ಎರಡು ತಾಸು ಮಲಗಿಸಿಯೇ ಕರೆತರಬೇಕೆಂದು ಹೆಣ್ಣುಮಕ್ಕಳಿಗೆ ಹೇಳಿದ್ದೆ. ತಡರಾತ್ರಿಯ ಆಟಕ್ಕೆ ಇದು ಬಹಳ ಮುಖ್ಯ. ಇಲ್ಲದಿದ್ದರೆ ಮೊದಲ ಇನಿಂಗ್ಸ್‌ಗೇ ಅರ್ಧ ಮಂದಿ ಚಾಪೆಯ ಮೇಲೆ ಉರುಳಿರುತ್ತಾರೆ.

ಬೀಳಗಿಯ ಮೊಮ್ಮಗಳು ಆರನೇ ಇಯತ್ತೆ, ಪ್ರಶ್ನೆಗಳ ಗಂಟು. “ಅಜ್ಜಾ, ಅಲ್ಲಿ ಬೆಳಗ ಐತಿ, ಇಲ್ಲಿ ರಾತ್ರಿ. ಒಂಬತ್ತ ತಾಸಲ್ಲ, ಹತ್ತ ತಾಸೂ ಅಲ್ಲ, ಒಂಬತ್ತೂವರಿ ಯಾಕ?” ಒಂದು ಚೆಂಡು, ಒಂದು ಬ್ಯಾಟರಿ ತರಿಸಿದೆ. ಮಕ್ಕಳೇ, ನೀವೂ ಮಾಡಿ ನೋಡಿ. ಕತ್ತಲಲ್ಲಿ ಚೆಂಡಿಗೆ ಬೆಳಕು ಬಿಟ್ಟರೆ ಅರ್ಧ ಬೆಳಗುತ್ತದೆ, ಅರ್ಧ ಕತ್ತಲಾಗಿರುತ್ತದೆ. ಭೂಮಿ 24 ತಾಸಿಗೆ 360 ಡಿಗ್ರಿ ತಿರುಗುತ್ತದೆ, ಅಂದರೆ ತಾಸಿಗೆ 15 ಡಿಗ್ರಿ. ನಮ್ಮ ದೇಶದ ಗಡಿಯಾರ ನಡೆಯುವುದು ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾಯುವ 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ. ಬಾರ್ಬಡೋಸ್‌ನ ಗಡಿಯಾರಕ್ಕೆ 60 ಡಿಗ್ರಿ ಪಶ್ಚಿಮದ ಲೆಕ್ಕ. ಎರಡನ್ನೂ ಕೂಡಿಸಿ 15ರಿಂದ ಭಾಗಿಸು ಎಂದೆ. ಹುಡುಗಿ ನೆಲದ ಮೇಲೆ ಸೀಮೆಸುಣ್ಣದಿಂದ 142.5 ಬರೆದು ಭಾಗಿಸಿದಳು: ಒಂಬತ್ತೂವರೆ! ಬನಹಟ್ಟಿ ಇರುವುದು ಸುಮಾರು 75 ಡಿಗ್ರಿಯಲ್ಲಿ. ಹಾಗಾಗಿ ಗಡಿಯಾರದಲ್ಲಿ ಹನ್ನೆರಡು ಹೊಡೆದು ಹೆಚ್ಚುಕಡಿಮೆ ಅರ್ಧ ತಾಸಾದ ಮೇಲೆಯೇ ಸೂರ್ಯ ನಮ್ಮ ನೆತ್ತಿಗೆ ಬರುತ್ತಾನೆ. ಇದನ್ನು ಕೇಳಿ ನೇಕಾರ ನಕ್ಕ: “ಹಂಗಾರ ನಾ ದಿನಾ ಅರ್ಧಾ ತಾಸ ಲಗೂನ ಕೆಲಸಕ್ಕ ಬರಾಕತ್ತೇನಿ!”

ಬಾರ್ಬಡೋಸ್ ಎಂಬುದು ನಮ್ಮ ಹಳೆಯ ಜಮಖಂಡಿ ತಾಲೂಕಿಗಿಂತಲೂ ಚಿಕ್ಕ ದ್ವೀಪ, ಸುಮಾರು 430 ಚದರ ಕಿಲೋಮೀಟರು. ಜನಸಂಖ್ಯೆ ಮೂರು ಲಕ್ಷವೂ ಇಲ್ಲ. ಮುಧೋಳ, ಜಮಖಂಡಿಯ ಹೊಲಗಳಂತೆ ಅಲ್ಲಿಯೂ ಕಬ್ಬು. ಆದರೆ ಆ ಕಬ್ಬಿನ ಕಥೆ ಸಿಹಿಯಲ್ಲ. ಇಂಗ್ಲಿಷರು ಆಫ್ರಿಕಾದಿಂದ ಜನರನ್ನು ಹಡಗುಗಳಲ್ಲಿ ತುಂಬಿ ತಂದು, ಗುಲಾಮರನ್ನಾಗಿ ಮಾಡಿ ಆ ಹೊಲಗಳಲ್ಲಿ ದುಡಿಸಿದರು. ಅವರ ಮರಿಮಕ್ಕಳೇ ಮುಂದೆ ಅದೇ ಇಂಗ್ಲಿಷರ ಆಟದಲ್ಲಿ ಜಗತ್ತನ್ನು ಗೆದ್ದರು. 1983ರಲ್ಲಿ ನಮ್ಮ ಎದುರು ಲಾರ್ಡ್ಸ್ ಮೈದಾನಕ್ಕಿಳಿದ ಗ್ರೀನಿಜ್, ಹೇನ್ಸ್, ಮಾರ್ಷಲ್, ಗಾರ್ನರ್ ನಾಲ್ವರೂ ಈ ಪುಟ್ಟ ದ್ವೀಪದಲ್ಲಿ ಹುಟ್ಟಿದವರು.

1983 ಎಂದ ಕೂಡಲೇ ಮಕ್ಕಳು ನನ್ನ ಸುತ್ತ ಕುಳಿತರು. ಪಂದ್ಯಕ್ಕೆ ಇನ್ನೂ ಹೊತ್ತಿತ್ತು. ಆ ವರ್ಷದ ಜೂನ್ 25, ಅದೂ ಶನಿವಾರವೇ. ನನಗಾಗ ಹದಿನೈದು. ಇದೇ ಜಾಗದಲ್ಲಿ ನಮ್ಮಪ್ಪನ ಕೈಮಗ್ಗವಿತ್ತು. ಓಣಿಯಲ್ಲಿ ಟಿ.ವಿ. ಇರಲಿಲ್ಲ, ಇದ್ದದ್ದು ನಮ್ಮ ಮನೆಯ ಒಂದು ರೇಡಿಯೋ. ಕಾಮೆಂಟರಿಯ ದನಿ ಅಲೆಯಂತೆ ಏರುತ್ತಿತ್ತು, ಗೊರಗೊರ ಎಂದು ಇಳಿಯುತ್ತಿತ್ತು. ಓಣಿಯ ಮಾಸ್ತರರೊಬ್ಬರು ಕಿವಿಯಿಟ್ಟು ಕೇಳಿ ಕನ್ನಡದಲ್ಲಿ ಹೇಳುತ್ತಿದ್ದರು. ಅವರು ಕೈ ಎತ್ತಿದರೆ ನಾವೆಲ್ಲ ಉಸಿರು ಹಿಡಿಯುತ್ತಿದ್ದೆವು. ಭಾರತ 183ಕ್ಕೆ ಆಲೌಟ್ ಆದಾಗ ಅರ್ಧ ಮಂದಿ ಎದ್ದು ಮನೆಗೆ ಹೋದರು. ರಿಚರ್ಡ್ಸ್ ಹೊಡೆದ ಚೆಂಡಿಗೆ ಕಪಿಲ್ ದೇವ್ ಹಿಂದಕ್ಕೆ ಓಡಿ ಕ್ಯಾಚ್ ಹಿಡಿದರು ಎಂದಾಗ ಹೋದವರೆಲ್ಲ ತಿರುಗಿ ಬಂದರು. ನಾಯಕ ಲಾಯ್ಡ್ ಅವರನ್ನು ಔಟ್ ಮಾಡಿದ್ದು ನಮ್ಮ ಬೆಂಗಳೂರಿನ ರೋಜರ್ ಬಿನ್ನಿ. ಆ ವಿಶ್ವಕಪ್ಪಿನಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ಪಡೆದವರೂ ಅವರೇ. ವಿಕೆಟ್ಟಿನ ಹಿಂದೆ ಇದ್ದವರು ನಮ್ಮ ಸಯ್ಯದ್ ಕಿರ್ಮಾನಿ. ವೆಸ್ಟ್ ಇಂಡೀಸ್ 140ಕ್ಕೆ ಮುಗಿದಾಗ ಸರಿರಾತ್ರಿಯ ಹೊತ್ತು. ಅಪ್ಪ ಏನೂ ಮಾತಾಡದೆ ಎದ್ದು ಚಹಾ ಇಡಲು ಹೇಳಿದರು. ಆ ರಾತ್ರಿ ನಾವು ಒಂದೂ ಚೆಂಡನ್ನು ಕಣ್ಣಿನಿಂದ ನೋಡಲಿಲ್ಲ. ಆದರೂ ನನಗೆ ಕಪಿಲ್ ಓಡುವುದು ಈಗಲೂ ಕಾಣುತ್ತದೆ.

“ಹೆಣಮಕ್ಕಳ ಫೈನಲ್ ಇರಲಿಲ್ಲೇನು?” ಎಂದಳು ಬೀಳಗಿಯವಳು. ಇತ್ತಲ್ಲ! 2017ರ ಜುಲೈ 23, ಅದೇ ಲಾರ್ಡ್ಸ್. ನಮ್ಮ ಪಕ್ಕದ ವಿಜಯಪುರದ ರಾಜೇಶ್ವರಿ ಗಾಯಕವಾಡ ಆ ತಂಡದಲ್ಲಿದ್ದರು, ಕಡೂರಿನ ವೇದಾ ಕೃಷ್ಣಮೂರ್ತಿಯೂ ಇದ್ದರು. ಇಂಗ್ಲೆಂಡ್ ಎದುರು ಬರೀ 9 ರನ್‌ಗಳಿಂದ ಕೈತಪ್ಪಿತು. ಅದೇ ಕೂಟದಲ್ಲಿ ನ್ಯೂಜಿಲೆಂಡ್ ವಿರುದ್ಧ ರಾಜೇಶ್ವರಿ 15 ರನ್ ಕೊಟ್ಟು 5 ವಿಕೆಟ್ ಕಿತ್ತಿದ್ದರು. ಹುಡುಗಿ ಆ ಹೆಸರನ್ನೂ ನೆಲದ ಮೇಲೆ ಬರೆದುಕೊಂಡಳು.

ಇನ್ನು ಅಜ್ಜ-ಅಜ್ಜಿಯರಿಗೆ ಒಂದೆರಡು ಮಾತು. ಊಟವನ್ನು ಏಳೂವರೆಗೇ ಮುಗಿಸಿದೆವು: ಜೋಳದ ರೊಟ್ಟಿ, ಬದನೆಕಾಯಿ ಪಲ್ಯೆ, ಮೊಸರು. ಸಕ್ಕರೆ ಕಾಯಿಲೆ, ಬಿ.ಪಿ. ಗುಳಿಗೆ ನುಂಗುವವರು ಆಟದ ಗದ್ದಲದಲ್ಲಿ ಮರೆಯುತ್ತಾರೆ, ಅದಕ್ಕೆ ಊಟದ ತಾಟಿನ ಪಕ್ಕದಲ್ಲೇ ಗುಳಿಗೆ ಇಟ್ಟೆವು. ನಡುವೆ ಚುರಮುರಿ, ಶೇಂಗಾ. ಮಿರ್ಚಿ ಭಜಿ ಒಂದೇ ಸಲ, ಅದೂ ಮೊದಲ ಇನಿಂಗ್ಸ್ ಮುಗಿಯುವುದರೊಳಗೆ. ಹತ್ತು ಗಂಟೆಯ ಮೇಲೆ ಎಣ್ಣೆ ಇಡಬಾರದು, ಹೊಟ್ಟೆಗೂ ಒಳ್ಳೆಯದಲ್ಲ, ಒಲೆಯ ಮುಂದೆ ನಿಂತ ಹೆಣ್ಣುಮಕ್ಕಳಿಗೆ ಆಟವೂ ತಪ್ಪುತ್ತದೆ. ಬಚ್ಚಲಿನ ದಾರಿಗೆ ಒಂದು ದೀಪ, ಬೆನ್ನಿಗೆ ಆನಿಸಲು ಗೋಡೆ ಇಷ್ಟಿದ್ದರೆ ಮುದುಕರೂ ನಡುರಾತ್ರಿಯವರೆಗೆ ಕೂಡಬಲ್ಲರು.

ಎಂಟಕ್ಕೆ ಆಟ ಶುರುವಾಯಿತು, ಐದನೇ ಓವರ್ ಮುಗಿಯುವುದರೊಳಗೆ ಮೂರು ವಿಕೆಟ್ ಬಿದ್ದು 34. ಅವ್ವ ನನ್ನ ಕಡೆ ನೋಡಿದಳು. ನಾನು ಟಿ.ವಿ.ಯ ಕಡೆ ನೋಡಿದೆ. ಆಮೇಲೆ ಅಕ್ಷರ್ ಪಟೇಲ್ 31 ಚೆಂಡಿಗೆ 47 ಹೊಡೆದರು, ವಿರಾಟ್ ಕೊಹ್ಲಿ ನಿಧಾನವಾಗಿ ಕಟ್ಟುತ್ತ 76ಕ್ಕೆ ಬಂದರು. ಒಟ್ಟು 176. ಅಲ್ಲಿಯವರೆಗಿನ ಟಿ20 ವಿಶ್ವಕಪ್ ಫೈನಲ್‌ಗಳಲ್ಲಿ ಅದೇ ಅತಿ ಹೆಚ್ಚಿನ ಮೊತ್ತ. ಮಕ್ಕಳು ಕುಣಿದರು.

ಕುಣಿತ ಹದಿನೈದನೇ ಓವರಿಗೆ ನಿಂತಿತು. ಕ್ಲಾಸನ್ ಆ ಒಂದೇ ಓವರಿನಲ್ಲಿ ಚೆಂಡನ್ನು ಮೈದಾನದ ಮೂಲೆಮೂಲೆಗೆ ಅಟ್ಟಿದ. ಬಂದದ್ದು 24 ರನ್. ಉಳಿದದ್ದು 30 ಚೆಂಡಿಗೆ 30 ರನ್, ಕೈಯಲ್ಲಿ 6 ವಿಕೆಟ್. ಜಮಖಂಡಿಯ ಮೊಮ್ಮಗ ಸದ್ದಿಲ್ಲದೆ ಎದ್ದ, ಚಪ್ಪಲಿ ಮೆಟ್ಟಿದ, ಹೊರಗಿನ ಕಟ್ಟೆಯ ಮೇಲೆ ಹೋಗಿ ಬೆನ್ನು ತಿರುಗಿಸಿ ಕುಳಿತ. ಅವನವ್ವ ಏಳಹೋದಳು. ಅವಳಿಗಿಂತ ಮೊದಲೇ ನಮ್ಮವ್ವ ಕೋಲೂರಿಕೊಂಡು ಹೊರಗೆ ಹೋಗಿ ಅವನ ಪಕ್ಕ ಕುಳಿತಿದ್ದಳು. ಇಬ್ಬರೂ ಮಾತಾಡಲಿಲ್ಲ. ಸಣ್ಣ ಜಿಟಿಜಿಟಿ ಮಳೆ. ನಾನು ಹೊಸ್ತಿಲಲ್ಲಿ ನಿಂತೆ, ಒಂದು ಕಣ್ಣು ಒಳಗೆ, ಒಂದು ಕಣ್ಣು ಹೊರಗೆ.

ಹದಿನಾರನೇ ಓವರಿನಲ್ಲಿ ಬುಮ್ರಾ ಕೊಟ್ಟದ್ದು 4 ರನ್. ಮುಂದಿನ ಓವರಿನ ಮೊದಲ ಚೆಂಡಿಗೇ ಹಾರ್ದಿಕ್ ಪಾಂಡ್ಯ ಕ್ಲಾಸನ್‌ನನ್ನು ಕೆಡವಿದರು. ಕೌದಿ ಹರಿಯುವಂತೆ ಕೂಗಿದರು ನಮ್ಮವರು. ಕೆಲವು ಸೆಕೆಂಡಾದ ಮೇಲೆ ಹಿಂದಿನ ಓಣಿಯಿಂದ ಇನ್ನೊಂದು ಕೂಗು. ಹುಡುಗ ಎದ್ದು ಓಡಿಬಂದ: “ಅಜ್ಜಾ, ಎರಡ ವಿಕೆಟ್ ಬಿದ್ದುವು?” ಬಿದ್ದದ್ದು ಒಂದೇ. ನಮ್ಮದು ಛಾವಣಿಯ ಮೇಲಿನ ಡಿಶ್. 36,000 ಕಿಲೋಮೀಟರು ಎತ್ತರದ ಉಪಗ್ರಹದಿಂದ ಚಿತ್ರ ಕಣ್ಣು ಮಿಟುಕಿಸುವುದರಲ್ಲಿ ಇಳಿದುಬಿಡುತ್ತದೆ. ಹಿಂದಿನ ಓಣಿಯ ಹುಡುಗರು ನೋಡುತ್ತಿದ್ದದ್ದು ಮೊಬೈಲಿನಲ್ಲಿ. ಅಲ್ಲಿ ಚಿತ್ರವನ್ನು ತುಂಡು ತುಂಡು ಮಾಡಿ ಕಳಿಸಿ, ನಾಲ್ಕಾರು ತುಂಡು ಕೂಡಿದ ಮೇಲೆ ತೋರಿಸುತ್ತಾರೆ, ಅದಕ್ಕೇ ತಡ. ಆದರೆ ಆ ಎರಡನೇ ಕೂಗು ನಮ್ಮ ಹುಡುಗನನ್ನು ಹೊಸ್ತಿಲವರೆಗೆ ತಂದಿತ್ತು. ಅಲ್ಲಿಂದ ಒಳಗೆ ಬರಲು ಅವನು ಒಪ್ಪಲಿಲ್ಲ, ಹೊರಗೂ ಹೋಗಲಿಲ್ಲ.

ಕೊನೆಯ ಓವರಿಗೆ 16 ರನ್ ಬೇಕು. ಮೊದಲ ಚೆಂಡನ್ನೇ ಮಿಲ್ಲರ್ ಎತ್ತಿ ಹೊಡೆದ. ಗೆರೆಯ ಅಂಚಿನಲ್ಲಿ ಸೂರ್ಯಕುಮಾರ್ ಯಾದವ್ ಹಿಡಿದರು, ಗೆರೆ ದಾಟುವ ಮುನ್ನ ಚೆಂಡನ್ನು ಮೇಲಕ್ಕೆ ತೂರಿದರು, ಆಚೆ ಹೋಗಿ ಈಚೆ ಬಂದು ಮತ್ತೆ ಹಿಡಿದರು. ಹೊಸ್ತಿಲಲ್ಲಿ ಹುಡುಗ ನಮ್ಮವ್ವನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದನೆಂದರೆ, “ಬಿಡೋ ತಮ್ಮಾ, ಬಳಿ ಒಡದಾವು” ಎಂದಳು. ಭಾರತ 7 ರನ್‌ಗಳಿಂದ ಗೆದ್ದಿತು.

ಆಮೇಲಿನ ಒಂದು ದೃಶ್ಯಕ್ಕೆ ನನ್ನ ಕಣ್ಣು ಒದ್ದೆಯಾಯಿತು. ನಮ್ಮ ರಾಹುಲ್ ದ್ರಾವಿಡ್ ಭಾರತ ತಂಡದ ಕೋಚ್ ಆಗಿ ಆಡಿಸಿದ ಕೊನೆಯ ಪಂದ್ಯ ಅದು. 2007ರಲ್ಲಿ ಇದೇ ವೆಸ್ಟ್ ಇಂಡೀಸ್‌ಗೆ ನಾಯಕನಾಗಿ ಹೋಗಿ, ಮೊದಲ ಸುತ್ತಿನಲ್ಲೇ ಸೋತು ತಲೆ ತಗ್ಗಿಸಿ ಬಂದವರು. ಕೊಹ್ಲಿ ಕಪ್ಪನ್ನು ಕೈಗಿತ್ತಾಗ ಸದಾ ಶಾಂತವಾಗಿರುವ ಆ ಮನುಷ್ಯ ಬಾಯಿತೆರೆದು ಗರ್ಜಿಸಿದರು. “ಅವ್ರೂ ಅತ್ತಿರಬೇಕಲ್ಲ ಅಜ್ಜಾ, ಆವಾಗ?” ಎಂದ ಹುಡುಗ. ನನಗೆ ಹೇಗೆ ಗೊತ್ತು? ಅತ್ತಿದ್ದರೂ ಇರಬಹುದು ಎಂದೆ. ಅವನು ಎರಡು ಹೋಳಿಗೆ ತಿಂದ, ತುಪ್ಪ ಹಾಕಿಸಿಕೊಂಡು ಮೂರನೆಯದನ್ನೂ ಕೇಳಿದ. ನಾಲ್ಕು ಹೋಳಿಗೆ ನೇಕಾರನ ಮನೆಗೆ, ನಾಲ್ಕು ಬೆಳಿಗ್ಗೆ ಬಾಣಂತಿಯ ಮನೆಗೆ ಎಂದು ಹೆಂಡತಿ ಎತ್ತಿಟ್ಟಳು. ಕೂಸು ಒಮ್ಮೆ ಮಾತ್ರ ಎದ್ದಿತ್ತಂತೆ, ಅದೂ ಹಸಿವಿಗೆ.

ಅದಾದ ಮೇಲೆ ಬೆರಿಲ್ ಎಂಬ ಚಂಡಮಾರುತ ಬಾರ್ಬಡೋಸ್‌ನ ಹತ್ತಿರ ಹಾದುಹೋಗಿ, ವಿಮಾನ ನಿಲ್ದಾಣ ಮುಚ್ಚಿ ನಮ್ಮ ತಂಡ ಅಲ್ಲಿಯೇ ಉಳಿಯಬೇಕಾಯಿತು. ವಿಶೇಷ ವಿಮಾನದಲ್ಲಿ ಅವರು ದೆಹಲಿಗೆ ಬಂದಿಳಿದದ್ದು ಜುಲೈ 4ಕ್ಕೆ. ಅಷ್ಟೂ ದಿನ ಜಮಖಂಡಿಯಿಂದ ದಿನಾ ಸಂಜೆ ಫೋನು ಬರುತ್ತಿತ್ತು: “ಅಜ್ಜಾ, ಈಗ ಅಲ್ಲಿ ಎಷ್ಟ ಗಂಟೆ? ಗಾಳಿ ನಿಂತೈತೇನು? ಅಲ್ಲೀ ಕಬ್ಬ ಬಿದ್ದಿರಬೇಕಲ್ಲ?”