ಸಾರ್ವಜನಿಕ ಸ್ಥಳಗಳಲ್ಲಿ ದೂರವಾಣಿ ಶಿಷ್ಟಾಚಾರ

ಮನುಷ್ಯನ ಕೈಗೆ ಬರುವ ಪ್ರತಿಯೊಂದು ಹೊಸ ಉಪಕರಣವೂ ಅನುಕೂಲದೊಡನೆ ಒಂದು ಹೊಣೆಯನ್ನೂ ತರುತ್ತದೆ. 1973ರ ಏಪ್ರಿಲ್ 3ರಂದು ನ್ಯೂಯಾರ್ಕ್ ನಗರದ ಬೀದಿಯಲ್ಲಿ ಮಾರ್ಟಿನ್ ಕೂಪರ್ ಎಂಬ ಇಂಜಿನಿಯರರು ಕೈಯಲ್ಲಿ ಹಿಡಿಯುವ ದೂರವಾಣಿಯಿಂದ ಮೊದಲ ಕರೆ ಮಾಡಿದರು. ಭಾರತದಲ್ಲಿ ಈ ಸೌಲಭ್ಯಕ್ಕೆ ನಾಂದಿಯಾದುದು 1995ರ ಜುಲೈ 31ರಂದು. ಆ ದಿನ ಪಶ್ಚಿಮ ಬಂಗಾಳದ ಅಂದಿನ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲ್ಕತ್ತೆಯಿಂದ, ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖರಾಂ ಅವರೊಡನೆ ಮಾತನಾಡಿದರು. ಆರಂಭದ ವರ್ಷಗಳಲ್ಲಿ ಬಂದ ಕರೆಗೂ ಹಣ ತೆರಬೇಕಾಗಿದ್ದುದರಿಂದ ಜನರ ಮಾತು ಮಿತವಾಗಿತ್ತು. ಇಂದು ಆ ಕಡಿವಾಣವಿಲ್ಲ. ಮಾತಿಗೆ ಮಿತಿಯನ್ನು ಮಾತನಾಡುವವನೇ ಹಾಕಿಕೊಳ್ಳಬೇಕಾಗಿದೆ.

ಹಿಂದಿನ ದೂರವಾಣಿಗೆ ಒಂದು ನೆಲೆಯಿತ್ತು. ಅದು ಮನೆಯ ಪಡಸಾಲೆಯಲ್ಲಿಯೋ ಕಚೇರಿಯ ಮೇಜಿನ ಮೇಲೆಯೋ ಇರುತ್ತಿತ್ತು. ಊರ ಪೇಟೆಯ ಎಸ್.ಟಿ.ಡಿ. ಬೂತಿಗೆ ಗಾಜಿನ ಬಾಗಿಲಿತ್ತು. ಆ ಬಾಗಿಲು ಒಳಗಿನವರ ಗುಟ್ಟನ್ನು ಕಾಯುತ್ತಿತ್ತು, ಹೊರಗಿನವರ ನೆಮ್ಮದಿಯನ್ನೂ ಕಾಯುತ್ತಿತ್ತು. ಜೇಬಿನಲ್ಲಿ ಹೋಗುವ ದೂರವಾಣಿ ಈ ಬಾಗಿಲನ್ನು ಕಿತ್ತುಹಾಕಿತು. ಈಗ ಆ ಬಾಗಿಲನ್ನು ಪ್ರತಿಯೊಬ್ಬನೂ ತನ್ನ ನಡತೆಯಲ್ಲಿಯೇ ಕಟ್ಟಿಕೊಳ್ಳಬೇಕಾಗಿದೆ. ಶಿಷ್ಟಾಚಾರವೆಂದರೆ ಇಷ್ಟೇ.

ಪಕ್ಕದಲ್ಲಿ ಇಬ್ಬರು ಮಾತನಾಡುತ್ತಿದ್ದರೆ ಸಹಿಸುವವರು, ಒಬ್ಬನೇ ದೂರವಾಣಿಯಲ್ಲಿ ಮಾತನಾಡಿದರೆ ಏಕೆ ಕಿರಿಕಿರಿಗೊಳ್ಳುತ್ತಾರೆ? ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇದಕ್ಕೆ ಉತ್ತರ ದೊರೆಯುತ್ತದೆ. ಸಂಭಾಷಣೆಯ ಒಂದು ಪಕ್ಷವಷ್ಟೇ ಕಿವಿಗೆ ಬಿದ್ದಾಗ ಮುಂದಿನ ಮಾತೇನೆಂದು ಊಹಿಸುವುದು ಕಷ್ಟ. ಬೇಡವೆಂದರೂ ಮನಸ್ಸು ಅತ್ತ ಹರಿಯುತ್ತದೆ, ಕೈಯಲ್ಲಿನ ಕೆಲಸ ಕೆಡುತ್ತದೆ. ಇನ್ನು ದನಿ ಏರುವುದಕ್ಕೂ ಸಹಜವಾದ ಕಾರಣವಿದೆ. ಸುತ್ತ ಗದ್ದಲವಿದ್ದಾಗ ಮನುಷ್ಯ ತನಗರಿವಿಲ್ಲದೆಯೇ ದನಿ ಎತ್ತರಿಸುತ್ತಾನೆ. 1911ರಲ್ಲಿ ಇದನ್ನು ವಿವರಿಸಿದ ಫ್ರಾನ್ಸಿನ ವೈದ್ಯ ಲೊಂಬಾರ್ ಅವರ ಹೆಸರಿನಿಂದಲೇ ಈ ಪರಿಣಾಮವನ್ನು ಕರೆಯಲಾಗುತ್ತದೆ. ಆದುದರಿಂದ ಬಸ್ಸಿನಲ್ಲಿ ಕೂಗಾಡುವವನು ದುರುದ್ದೇಶದಿಂದಲೇ ಕೂಗುತ್ತಾನೆಂದು ಭಾವಿಸಬೇಕಾಗಿಲ್ಲ. ತನ್ನ ದನಿ ಎಷ್ಟು ಏರಿದೆಯೆಂಬ ಎಚ್ಚರ ಅವನಿಗಿರುವುದಿಲ್ಲ. ಆ ಎಚ್ಚರವನ್ನು ಅಭ್ಯಾಸದಿಂದ ಗಳಿಸಿಕೊಳ್ಳಬೇಕು.

ಈ ವಿಷಯದಲ್ಲಿ ನಿಜವಾಗಿ ನೋಯುವವರು ಎದ್ದುಹೋಗಲಾರದವರು. ಆಸ್ಪತ್ರೆಯ ವಾರ್ಡಿನಲ್ಲಿ ಮಲಗಿದ ರೋಗಿ, ರಾತ್ರಿಯ ರೈಲಿನಲ್ಲಿ ನಿದ್ರೆ ಬಯಸುವ ವೃದ್ಧರು, ಗ್ರಂಥಾಲಯದಲ್ಲಿ ಪರೀಕ್ಷೆಗೆ ಓದುವ ಬಡ ವಿದ್ಯಾರ್ಥಿ, ಇವರಿಗೆ ಬೇರೆ ಸ್ಥಳವಿಲ್ಲ. ಮಾತನಾಡುವವನಿಗೆ ಎದ್ದು ಹೊರಗೆ ಹೋಗುವ ಸ್ವಾತಂತ್ರ್ಯವಿದೆ. ಕೇಳುವವನಿಗೆ ಹಲವು ವೇಳೆ ಅದಿಲ್ಲ. ಸ್ವಾತಂತ್ರ್ಯವುಳ್ಳವನೇ ಸರಿದು ನಿಲ್ಲುವುದು ನ್ಯಾಯ.

ನಿಯಮಗಳೂ ಉಂಟು. 2021ರ ನವೆಂಬರಿನಲ್ಲಿ ಉಚ್ಚ ನ್ಯಾಯಾಲಯದ ನಿರ್ದೇಶನದ ಮೇರೆಗೆ ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮವು ಬಸ್ಸುಗಳಲ್ಲಿ ಮೊಬೈಲಿನ ಸ್ಪೀಕರಿನಿಂದ ಹಾಡು, ಚಿತ್ರಗಳನ್ನು ಗಟ್ಟಿಯಾಗಿ ಹಾಕುವುದನ್ನು ನಿಷೇಧಿಸಿತು. 2022ರಲ್ಲಿ ರೈಲ್ವೆ ಇಲಾಖೆಯು ರಾತ್ರಿ 10 ಗಂಟೆಯ ನಂತರ ಗಟ್ಟಿಯಾದ ಮಾತು, ಸಂಗೀತಗಳಿಗೆ ತಡೆಯೊಡ್ಡಿತು. ಆದರೆ ಪ್ರತಿ ಬಸ್ಸಿನಲ್ಲಿಯೂ ಟಿಕೆಟು ಕೊಡುವ ನಿರ್ವಾಹಕನೇ ನ್ಯಾಯಾಧೀಶನೂ ಆಗಬೇಕೆಂದರೆ ಆಗದ ಮಾತು. ಜಪಾನಿನ ರೈಲುಗಳಲ್ಲಿ ಪ್ರಯಾಣಿಕರು ದೂರವಾಣಿಯ ಸದ್ದಡಗಿಸಿ, ಮಾತನಾಡದೆ ಕುಳಿತುಕೊಳ್ಳುವುದು ರೂಢಿ. ಸದ್ದಿಲ್ಲದ ಆ ಸ್ಥಿತಿಗೆ ಅಲ್ಲಿಯ ಜನ ಇಟ್ಟಿರುವ ಹೆಸರು 'ಮ್ಯಾನರ್ ಮೋಡ್', ಎಂದರೆ ಸೌಜನ್ಯದ ಸ್ಥಿತಿ. ಅಲ್ಲಿ ಕೆಲಸಮಾಡುತ್ತಿರುವುದು ದಂಡದ ಭಯಕ್ಕಿಂತ ಹೆಚ್ಚಾಗಿ ರೂಢಿಯ ಬಲ.

ಪಾಲಿಸಬೇಕಾದುದು ಬಹಳವೇನಿಲ್ಲ. ಸಭೆ, ಪ್ರಾರ್ಥನೆ, ತರಗತಿ, ಆಸ್ಪತ್ರೆಗಳನ್ನು ಪ್ರವೇಶಿಸುವ ಮುನ್ನವೇ ರಿಂಗಿನ ಸದ್ದನ್ನು ನಿಲ್ಲಿಸಬೇಕು. ಅಗತ್ಯದ ಕರೆ ಬಂದರೆ ಹೊರಗೆ ಹೋಗಿ ಮಾತನಾಡಬೇಕು. ಹೋಗಲಾಗದಿದ್ದರೆ ಎರಡು ಮಾತಿನಲ್ಲಿ ಮುಗಿಸಿ, ಅನಂತರ ತಾನೇ ಕರೆಯಬೇಕು. ಹಾಡು, ವಾರ್ತೆ, ಮಕ್ಕಳ ಚಿತ್ರಗಳನ್ನು ಇಯರ್‌ಫೋನಿನಲ್ಲಿಯೇ ಕೇಳಬೇಕು. ಬ್ಯಾಂಕಿನ ಖಾತೆಯ ಸಂಖ್ಯೆಯನ್ನಾಗಲಿ, ಮನೆಯ ಕಷ್ಟಸುಖವನ್ನಾಗಲಿ, ಅನ್ಯರ ರೋಗರುಜಿನವನ್ನಾಗಲಿ ನಾಲ್ವರ ನಡುವೆ ಗಟ್ಟಿಯಾಗಿ ಹೇಳಬಾರದು. ಎದುರಿಗೆ ಬಂದು ಕುಳಿತ ಹಿರಿಯರನ್ನು ಕಾಯಿಸಿ ಪರದೆಯನ್ನು ನೋಡುತ್ತಿರುವುದು, ಸದ್ದಿಲ್ಲದಿದ್ದರೂ, ಅವಮರ್ಯಾದೆಯೇ.

ಕೇಳುವವರಿಗೂ ಒಂದು ಕರ್ತವ್ಯವುಂಟು. ಇಡೀ ದಿನ ದುಡಿದು, ದೂರದ ಊರಿನಲ್ಲಿರುವ ಮಕ್ಕಳ ದನಿ ಕೇಳಲು ಬಸ್ ನಿಲ್ದಾಣದ ಮೂಲೆಯಲ್ಲಿ ನಿಂತ ಕೂಲಿಕಾರನಿಗೆ ಮಾತನಾಡಲು ಸ್ವಂತದ ಕೋಣೆ ಇಲ್ಲದಿರಬಹುದು. ಸಾವುನೋವಿನ ಸುದ್ದಿ ಕೇಳಿ ದನಿ ಏರಿದವರನ್ನು ಗದರಿಸುವುದು ಮನುಷ್ಯತ್ವವಲ್ಲ. ತಿಳಿಹೇಳುವುದಾದರೆ 'ಸ್ವಲ್ಪ ಮೆಲ್ಲಗೆ ಮಾತನಾಡಿ' ಎಂಬ ವಿನಯದ ಮಾತು ಸಾಕು.

ಇಂಥ ಶಿಸ್ತು ಪಾಠಪುಸ್ತಕದಿಂದ ಬರುವುದು ಕಡಿಮೆ, ಕಣ್ಣೆದುರಿನ ನಡತೆಯಿಂದ ಬರುವುದೇ ಹೆಚ್ಚು. ಪಾಠದ ನಡುವೆ ಕರೆ ಸ್ವೀಕರಿಸುವ ಗುರುಗಳನ್ನು ಕಂಡ ಮಕ್ಕಳು ಪಾಠಕ್ಕಿಂತ ಕರೆ ದೊಡ್ಡದೆಂದು ಕಲಿಯುತ್ತಾರೆ. ಸಭೆಯ ಮುಂದಿನ ಸಾಲಿನಲ್ಲಿ ಕುಳಿತ ಗಣ್ಯರ ಜೇಬಿನಲ್ಲಿ ಹಾಡು ಮೊಳಗಿದರೆ ಹಿಂದಿನ ಸಾಲಿನವರಿಗೆ ನಿಯಮ ಹೇಳುವ ನೈತಿಕ ಬಲ ಯಾರಿಗೂ ಉಳಿಯದು. ವೇದಿಕೆಯನ್ನು ಏರುವ ಮೊದಲು ಹಿರಿಯರೊಬ್ಬರು ಫೋನಿನ ಸದ್ದನ್ನು ಅಡಗಿಸುವುದನ್ನು ನೂರು ಮಕ್ಕಳು ನೋಡಿದರೆ, ಆ ವಿಷಯವಾಗಿ ಬೇರೆ ಉಪನ್ಯಾಸದ ಅಗತ್ಯವೇ ಬೀಳದು.